ಸುಗ್ಗಿಯಲ್ಲಿ ಮಾಡುವ ಕೆಲಸ

ಚಿರಂಜೀವಿ ಮೊಮ್ಮಗನಿಗೆ ಶಹಾಬಾದಿನಿಂದ ನಿನ್ನ ಆಯಿಯ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಚಳಿ ಬಿದ್ದ ಮೇಲೆ ನಿನ್ನ ಮುತ್ಯಾನ ಮೊಣಕಾಲು ನೋವು ತುಸು ಹೆಚ್ಚಾಗಿದೆ, ಬೇರೇನಿಲ್ಲ. ಮೊನ್ನೆ ಫೋನಿನಲ್ಲಿ ನೀನು ಎರಡು ಸುದ್ದಿ ಹೇಳಿದೆ. ಕಂತಿನ ಮೇಲೆ ಹೊಸ ಗಾಡಿ ತೆಗೆದುಕೊಳ್ಳುತ್ತೀ ಎನ್ನುವುದು ಒಂದು. ಸೇಡಂನ ನಿಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ಠೇಕೇದಾರ ಬದಲಾಗುವ ಮಾತಿದೆ, ಮುಂದಿನ ವರ್ಷ ಯಾರು ಉಳಿಯುತ್ತಾರೋ ಯಾರು ಹೋಗುತ್ತಾರೋ ತಿಳಿಯದು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿಗೆ ಹೇಳಿ ಫೋನ್ ಇಟ್ಟೆ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಏನು ಹೇಳಿದರೂ ನೀನು "ಹೂಂ ಆಯಿ, ಆಯ್ತು ಆಯಿ" ಎನ್ನುತ್ತೀ. ಕಾಗದವಾದರೆ ನಾಳೆಯೂ ತೆಗೆದು ಓದಬಹುದು ಎಂದು ಬರೆಯಲು ಕೂತಿದ್ದೇನೆ.

ಹೆದರಿಸಲು ಬರೆಯುತ್ತಿಲ್ಲ ತಮ್ಮಾ. ನಮ್ಮ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಕೈ ಬದಲಾಗುವುದು ಹೊಸದೇನೂ ಅಲ್ಲ. ವಾಡಿಯ ಎಸಿಸಿ 1968ರಿಂದ ನಡೆಯುತ್ತಿದೆ, 2022ರಲ್ಲಿ ಅದಾನಿಯವರ ಕೈಗೆ ಬಂತು. ಸೇಡಂನ ವಾಸವದತ್ತಾ ಮೊನ್ನೆ 2025ರಲ್ಲಿ ಅಲ್ಟ್ರಾಟೆಕ್ ಆಯಿತು. ಮಳಖೇಡದ ರಾಜಶ್ರೀ ಅದಕ್ಕೂ ಮೊದಲೇ ಅಲ್ಟ್ರಾಟೆಕ್ ಆಗಿತ್ತು. ಬೋರ್ಡು ಬದಲಾದರೂ ಭಟ್ಟಿ ಆರಿಲ್ಲ. ನೆಲದಡಿ ಸುಣ್ಣದ ಕಲ್ಲು ಇರುವತನಕ ಸಿಮೆಂಟಂತೂ ಆಗುತ್ತದೆ. ಆದರೆ ಸಿಮೆಂಟ್ ಆಗುವುದು ಬೇರೆ, ಅದರಲ್ಲಿ ನಿನಗೆ ಕೆಲಸ ಇರುವುದು ಬೇರೆ.

ಇದನ್ನು ನಾನು ಶಹಾಬಾದಿನಲ್ಲಿ ಕಣ್ಣಾರೆ ಕಂಡವಳು. ನಿಜಾಮರ ಕಾಲದಿಂದ ಇದು ಕಾರ್ಖಾನೆಗಳ ಊರು, ಪರಸಿ ಕಲ್ಲಿನ ಊರು. ನಾನು ಮದುವೆಯಾಗಿ ಬಂದಾಗ ಕಾರ್ಖಾನೆಯ ಭೋಂಗಾ ಕೇಳಿ ಒಲೆ ಹೊತ್ತಿಸುತ್ತಿದ್ದೆವು, ಭೋಂಗಾ ಕೇಳಿ ಮಕ್ಕಳನ್ನು ಸಾಲಿಗೆ ಕಳಿಸುತ್ತಿದ್ದೆವು. ನಿನ್ನ ಮುತ್ಯಾ ದುಡಿಯುತ್ತಿದ್ದ ಕಾರ್ಖಾನೆ ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಓವರ್‌ಟೈಮ್ ಹೋಯಿತು. ಆಮೇಲೆ ಪಗಾರ ಹತ್ತು ದಿನ ತಡ, ಇಪ್ಪತ್ತು ದಿನ ತಡ. ಕಿರಾಣಿ ಅಂಗಡಿಯವನು ಮೊದಲು ನಗುತ್ತ ಬರೆದುಕೊಳ್ಳುತ್ತಿದ್ದವನು, ಬರಬರುತ್ತ ಉದ್ರಿ ಪುಸ್ತಕ ಗಲ್ಲಾದ ಮೇಲೆಯೇ ತೆರೆದಿಡತೊಡಗಿದ. ಅವನದೂ ತಪ್ಪಲ್ಲ. ಅವನೂ ಕಲಬುರಗಿಯಿಂದ ಉದ್ರಿಯಲ್ಲೇ ಮಾಲು ತರುವವನು.

ಆದರೆ ಪಗಾರ ನಿಂತದ್ದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಕ್ವಾರ್ಟರ್ಸ್‌ನಲ್ಲಿದ್ದವರಿಗೆ ಮನೆ, ನಲ್ಲಿಯ ನೀರು, ಲೈಟು, ದವಾಖಾನೆ, ಹುಡುಗರ ಸಾಲಿ ಎಲ್ಲವೂ ಅದೇ ಗೇಟಿನೊಳಗೆ ಇದ್ದವು. ಗೇಟು ಮುಚ್ಚಿದಾಗ ಎಲ್ಲವೂ ಒಟ್ಟಿಗೆ ಮುಚ್ಚಿದವು. ಒಳ್ಳೆಯ ಪಗಾರ ಎಣಿಸಿದ ಮನೆಗಳೇ ಮೊದಲು ಊರು ಬಿಟ್ಟವು. ನಾವು ಉಳಿದೆವು. ನಾವೇನು ಅವರಿಗಿಂತ ಜಾಣರಲ್ಲ. ನಮ್ಮ ಮನೆ ಊರೊಳಗಿತ್ತು, ಗೋಡೆಯೂ ಮಾಳಿಗೆಯೂ ಪರಸಿಯದು, ಬಾಡಿಗೆ ಇರಲಿಲ್ಲ. ನನಗೆ ಅಂಗನವಾಡಿಯ ಗೌರವಧನ ಬರುತ್ತಿತ್ತು. ಹೊಲಿಗೆ ಮಷಿನ್ ಇತ್ತು. ಚಿಂಚೋಳಿ ಕಡೆಯ ತವರಿನಿಂದ ವರ್ಷಕ್ಕೆ ಎರಡು ಚೀಲ ಜೋಳ ಬರುತ್ತಿತ್ತು. ಮುತ್ಯಾನ ಕೈಯಲ್ಲಿ ಫಿಟ್ಟರ್ ಕೆಲಸವಿತ್ತು, ಕಲ್ಲಿನ ಪಾಲಿಶ್ ಮಷಿನ್‌ಗಳನ್ನು ರಿಪೇರಿ ಮಾಡಲು ಖಣಿಗಳ ಕಡೆ ಹೋದ. ಒಂದೊಂದೂ ಸಣ್ಣದೇ. ಒಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ಆದರೆ ಅವೆಲ್ಲ ಬೇರೆ ಬೇರೆ ಬಾಗಿಲಿನಿಂದ ಬರುತ್ತಿದ್ದವು, ಒಂದು ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು.

ಈಗ ನಿನ್ನ ಲೆಕ್ಕ ನೋಡು. ಪಗಾರ ಠೇಕೇದಾರನಿಂದ. ಇರುವ ಖೋಲಿ ಠೇಕೇದಾರ ಕೊಡಿಸಿದ್ದು. ಊಟ ಅವನದೇ ಮೆಸ್ಸಿನಲ್ಲಿ. ಅಡ್ವಾನ್ಸ್ ಬೇಕಾದರೂ ಅವನನ್ನೇ ಕೇಳುತ್ತೀ. ಅದರ ಮೇಲೆ ಮೂರೂವರೆ ಸಾವಿರದ ಕಂತು ಮೂರು ವರ್ಷ ಕಟ್ಟುತ್ತೇನೆ ಎನ್ನುತ್ತೀ. 36 ಕಂತು ಎಂದರೆ 1,26,000 ರೂಪಾಯಿ. ಹದಿನೈದು ಸಾವಿರದ ಪಗಾರ, ಅದೂ ಮಾರ್ಚ್ ಆಚೆಗೆ ಇದೆಯೋ ಇಲ್ಲವೋ ಗೊತ್ತಿಲ್ಲದ್ದು. ಗಾಡಿ ಬೇಡ ಎನ್ನುವುದಿಲ್ಲ, ಈಗ ಬೇಡ. ಚಿತ್ತಾಪುರದ ನಿನ್ನ ಚಿಕ್ಕಾಯಿಯ ಮಗ ತನ್ನ ಹಳೆಯ ಗಾಡಿ ಮಾರುತ್ತಾನಂತೆ. ರೊಕ್ಕ ಕೊಟ್ಟು ಅದನ್ನೇ ತೆಗೆದುಕೋ. ತಿಂಗಳ ಕಂತಿನ ಆ ಮೂರೂವರೆ ಸಾವಿರವನ್ನು ಪೋಸ್ಟ್ ಆಫೀಸಿನ ಆರ್‌ಡಿಗೆ ಕಟ್ಟು. ಒಂದು ವರ್ಷಕ್ಕೆ 42,000 ಆಗುತ್ತದೆ. ಠೇಕೇದಾರ ಬೇಡವೆಂದ ದಿನ, ನಾಲ್ಕು ತಿಂಗಳು ಯಾರ ಮುಂದೆಯೂ ನಿಲ್ಲದೆ ಬೇರೆ ಕೆಲಸ ಹುಡುಕುವ ಧೈರ್ಯ ಆ ಹಣದಲ್ಲಿರುತ್ತದೆ. ಗಾಡಿ ಕಂಪನಿಯವರು ಆ ಧೈರ್ಯವನ್ನು ಕೊಡಲಾರರು.

ಈ ಬುದ್ಧಿ ನನ್ನದಲ್ಲ, ನಮ್ಮ ಅಪ್ಪನದು. 1972ರ ಬರಗಾಲದಲ್ಲಿ ನನಗೆ ಹತ್ತು ವರ್ಷ. ಚಿಂಚೋಳಿಯ ಕಡೆ ಮಳೆ ಹಿಂದಿನ ವರ್ಷವೇ ಕೈಕೊಟ್ಟಿತ್ತು. ಊರಿನ ಗಂಡಸರು ಹೆಂಗಸರು ಬರಗಾಲ ಕಾಮಗಾರಿಗೆ ಹೋಗಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದರು. ನಮ್ಮ ಮನೆ ಮುಂದಿನ ಬಯಲಿನಲ್ಲಿ ಒಂದು ಹಗೇವು ಇತ್ತು. ನೀನು ಹಗೇವು ನೋಡಿಲ್ಲ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಗಟ್ಟಿ ಮೊರಂ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಕೆಳಗೆ ಹೋದಂತೆ ಅಗಲ. ಒಳಗೆ ಸುತ್ತಲೂ ಒಣ ಕಣಕಿ, ಅದರ ಮೇಲೆ ಹುಲ್ಲಿನ ಹುರಿ ಸುತ್ತಿ, ನೆಲದ ತಂಪು ಕಾಳಿಗೆ ತಾಗದಂತೆ ಮಾಡಿ ಜೋಳ ಸುರಿಯುತ್ತಿದ್ದರು. ಬಾಯಿಗೆ ಹುಲ್ಲು ತುರುಕಿ, ಪರಸಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕಾರಣ ಹುಳ ಬೀಳುತ್ತಿರಲಿಲ್ಲ, ಕಾಳು ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ಮಾತ್ರ ಬಲು ಎಚ್ಚರ. ಕಲ್ಲು ಸರಿಸಿ ಬಹಳ ಹೊತ್ತು ಬಾಯಿ ತೆರೆದೇ ಇಡುತ್ತಿದ್ದರು. ಆಮೇಲೆ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೋ, ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ, ಯಾರೂ ಇಳಿಯುವಂತಿಲ್ಲ. ಅವಸರ ಮಾಡಿ ಇಳಿದು ಪ್ರಾಣ ಕಳೆದುಕೊಂಡವರ ಕಥೆ ನಮ್ಮ ಕಡೆ ಎಲ್ಲ ಊರಲ್ಲೂ ಇದೆ.

ಆ ಬರದಲ್ಲಿ ಅಪ್ಪ ನಮ್ಮ ಹಗೇವು ತೆಗೆಸಿದ ದಿನ ದೀಪ ಆರಲಿಲ್ಲ. ಹಳೆಯ ಕಾಳಿನ ಆ ಮುಗ್ಗಲು ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆ ಜೋಳವನ್ನು ಅಪ್ಪ ಹಾಕಿಟ್ಟದ್ದು ಬರ ಬರುತ್ತದೆಂದು ಕಂಡು ಅಲ್ಲ. ಹಾಕಿದ ವರ್ಷ ಬೆಳೆ ಭರಪೂರ ಇತ್ತು, ದರ ಚೆನ್ನಾಗಿತ್ತು, ಮಂದಿಯೆಲ್ಲ ಮಾರುತ್ತಿದ್ದರು. ಅವ್ವ ನಾಲ್ಕು ತೊಲೆ ಬಂಗಾರ ಮಾಡಿಸು ಎಂದು ಜಗಳವನ್ನೇ ತೆಗೆದಿದ್ದಳಂತೆ. "ಸುಗ್ಗ್ಯಾಗ ತುಂಬಲಿಲ್ಲಂದ್ರ ಬರದಾಗ ಏನ್ ತುಂಬ್ತಿ" ಎಂದಷ್ಟೇ ಅಪ್ಪ ಅಂದದ್ದು. ಬರದಲ್ಲಿ ಓಣಿಯ ನಾಲ್ಕಾರು ಮನೆಗೆ ಸೇರಿನಲ್ಲಿ ಅಳೆದು ಕೊಟ್ಟ, ಬಡ್ಡಿ ಕೇಳಲಿಲ್ಲ. ಮುಂದೆ ಮಳೆಯಾದಾಗ ಅವರೆಲ್ಲ ನಮ್ಮ ಹೊಲಕ್ಕೆ ಮುಯ್ಯಾಳಾಗಿ ಬಂದರು. ಕಲಬುರಗಿಯ ಶರಣಬಸಪ್ಪನ ದಾಸೋಹದ ಕಥೆ ಕೇಳಿ ಬೆಳೆದ ಸೀಮೆ ನಮ್ಮದು. ಕೂಡಿಡುವುದನ್ನೂ ಹಂಚುವುದನ್ನೂ ನಮ್ಮವರು ಎರಡಾಗಿ ನೋಡಲಿಲ್ಲ. ಸ್ವಂತ ಕಾಲ ಮೇಲೆ ನಿಲ್ಲುವುದೆಂದರೆ ಯಾರ ಹಂಗೂ ಬೇಡವೆಂದು ಬಾಗಿಲು ಹಾಕಿಕೊಳ್ಳುವುದು ಎಂದು ಈಗ ಕೆಲವರು ತಿಳಿದಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

2020ರಲ್ಲಿ ನಿನಗೇ ತಿಳಿವಳಿಕೆ ಬಂದಿತ್ತು. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದು, ಮಾರ್ಚ್‌ನಲ್ಲಿ. ಅದೇ ತಿಂಗಳು ಲಾಕ್‌ಡೌನ್ ಆಯಿತು. ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಗಂಟುಮೂಟೆ, ಕೂಸು ಕುನ್ನಿ ಕಟ್ಟಿಕೊಂಡು ಮರಳಿದರು. ತಾಂಡಾದಲ್ಲಿ ಒಂದು ಜೋಪಡಿ, ನಾಲ್ಕು ಆಡು, ಮನೆಯಲ್ಲಿ ಅಷ್ಟಿಷ್ಟು ಜೋಳ ಉಳಿಸಿಕೊಂಡವರು ಹೇಗೋ ತಡೆದರು. ಊರಿನದನ್ನೆಲ್ಲ ಮಾರಿ ಹೋದವರ ಪಾಡು ಹೇಳತೀರದು. ದೊಡ್ಡ ಊರಿಗೆ ದುಡಿಯಲು ಹೋಗುವುದು ತಪ್ಪಲ್ಲ, ನಮ್ಮ ಅರ್ಧ ಸೀಮೆ ಅದರಿಂದಲೇ ಬದುಕುತ್ತದೆ. ಹೋಗುವಾಗ ಹಿಂದಿನ ಬಾಗಿಲನ್ನು ಕಿತ್ತು ಮಾರಬಾರದು ಅಷ್ಟೇ.

ಹೊಲದ ಮಾತಿಗೆ ಬರುತ್ತೇನೆ. ಚಿತ್ತಾಪುರದ ನಾಲ್ಕು ಎಕರೆಗೆ ಮುಂದಿನ ಸಲ ಪೂರಾ ತೊಗರಿಯೇ ಇರಲಿ ಎಂದು ನಿನ್ನ ಅಪ್ಪನಿಗೆ ಹೇಳಿದೆಯಂತೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಆ ರುಚಿಯ ಬೇಳೆ ಬೇರೆಲ್ಲೂ ಆಗದು, ಅದು ನನಗೂ ಹೆಮ್ಮೆ. ಆದರೆ 2015ರ ಕೊನೆಗೆ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ್ದು ಕಂಡು ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಆಯಿತು, ರಾಶಿಯೂ ಆಯಿತು, ದರ ಬಿತ್ತು. 5,050 ರೂಪಾಯಿಯ ಬೆಂಬಲ ಬೆಲೆಗೆ ಕೊಡಲು ಚೀಲ ಹೇರಿಕೊಂಡು ಖರೀದಿ ಕೇಂದ್ರದ ಮುಂದೆ ಸರದಿ ಹಚ್ಚಬೇಕಾಯಿತು. 2022ರಲ್ಲಿ ನೆಟೆ ರೋಗ ಬಂದಾಗ ಹೂ ಕಾಯಿ ತುಂಬಿದ ಗಿಡಗಳು ನಿಂತಲ್ಲೇ ಒಣಗಿದ್ದನ್ನು ನೀನೇ ನೋಡಿದ್ದೀ. ಬೇರೆ ಏನೂ ಬಿತ್ತದವರಿಗೆ ಆ ವರ್ಷ ಏನೂ ಉಳಿಯಲಿಲ್ಲ.

ನಮ್ಮ ಹಿರಿಯರು ತೊಗರಿಯ ಸಾಲಿನ ನಡುವೆ ಹೆಸರು, ಉದ್ದು ಹಾಕುತ್ತಿದ್ದರು. ಹೆಸರು ಎರಡು, ಎರಡೂವರೆ ತಿಂಗಳಿಗೆ ಬರುತ್ತದೆ. ಗಣಪತಿ ಹಬ್ಬದ ಹೊತ್ತಿಗೆ ಕೈಗೆ ರೊಕ್ಕ, ಆಳಿನ ಕೂಲಿಗೆ ಸಾಲ ಮಾಡುವುದು ತಪ್ಪುತ್ತಿತ್ತು. ಜೋಳವನ್ನು ಜೊತೆಗೆ ಬಿತ್ತಿದರೆ ತೊಗರಿಗೆ ನೆಟೆ ಹತ್ತುವುದು ಕಡಿಮೆ ಎಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಹಿಂಗಾರಿ ಜೋಳದ ಸುತ್ತ ಕುಸುಬಿ ಹಾಕಿದರೆ ಅದರ ಮುಳ್ಳಿಗೆ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು. ಎರಡು ಎಕರೆಗೆ ತೊಗರಿ–ಹೆಸರು, ಒಂದಕ್ಕೆ ಹಿಂಗಾರಿ ಜೋಳ, ಉಳಿದುದಕ್ಕೆ ಕಡಲೆ ಎಂದು ನಿನ್ನ ಅಪ್ಪನಿಗೆ ಹೇಳು. ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಲಿ. ಬೆಳೆ ವಿಮೆ ಮರೆಯಬಾರದು. ಮುಂಗಾರಿ ಕಾಳಿಗೆ ರೈತ ಕಟ್ಟುವುದು ವಿಮೆ ಮೊತ್ತದ ನೂರಕ್ಕೆ 2 ಮಾತ್ರ. ಹೊಲಕ್ಕೆ ನೀರು ನುಗ್ಗಿ ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು. ಇದು ಗೊತ್ತಿಲ್ಲದೆ, ವಿಮೆ ಕಟ್ಟಿಯೂ ಕಳೆದುಕೊಂಡವರಿದ್ದಾರೆ.

ನೀರು ಎಂದಾಗ ನೆನಪಾಯಿತು. 2020ರ ಅಕ್ಟೋಬರಿನಲ್ಲಿ ಕಾಗಿಣಾ ತುಂಬಿ ಮಳಖೇಡದ ಮನೆಗಳಿಗೆ ನುಗ್ಗಿದಾಗ ಜನ ಮಕ್ಕಳನ್ನು ಎತ್ತಿಕೊಂಡು ಹೊರಬಿದ್ದರು, ಕಾಗದಪತ್ರ ಸಂದೂಕದಲ್ಲೇ ಉಳಿದವು. ಆಮೇಲೆ ಪರಿಹಾರ ಕೇಳಲು ಹೋದರೆ ಉತಾರ ಎಲ್ಲಿ, ಪಾಸ್‌ಬುಕ್ ಎಲ್ಲಿ ಎಂದರು. ನಿನ್ನ ಐಟಿಐ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲಿನ ಗೂಡಿನಲ್ಲಿಡು. ಡಿಜಿಲಾಕರಿನಲ್ಲೂ ಹಾಕಿಡು.

ಪಗಾರದಿಂದ ಪಿಎಫ್ ಮುರಿಯುತ್ತಾರೆ ಎಂದೆ. ಮುರಿದದ್ದು ಜಮಾ ಆಗಿದೆಯೋ ಎಂದು ಎಂದಾದರೂ ನೋಡಿದ್ದೀಯಾ? ನಿನ್ನ ಯುಎಎನ್ ನಂಬರು ಹಾಕಿ ಉಮಂಗ್ ಆ್ಯಪಿನಲ್ಲಿ ತಿಂಗಳು ತಿಂಗಳು ನೋಡು. ನಿನ್ನ ಕಡೆಯಿಂದ ನೂರಕ್ಕೆ 12, ಮಾಲೀಕರ ಕಡೆಯಿಂದ ಅಷ್ಟೇ ಬರಬೇಕು. ಠೇಕೇದಾರ ಕಟ್ಟದಿದ್ದರೆ ಕಟ್ಟಿಸುವ ಹೊಣೆ ಮೂಲ ಕಂಪನಿಯದು. ಇದನ್ನು ಕೇಳಲು ನಾಚಿಕೆ ಬೇಡ, ಅದು ನಿನ್ನ ಬೆವರಿನದು. ಠೇಕೇದಾರ ಬದಲಾದರೂ ಅದೇ ಯುಎಎನ್ ಮುಂದುವರಿಸು, ಹೊಸದು ಮಾಡಿಸಬೇಡ. ನಾಮಿನಿಯ ಹೆಸರು ತುಂಬು. ಇಎಸ್ಐ ಕಾರ್ಡಿನಲ್ಲಿ ನಿನ್ನ ಅಪ್ಪ ಅವ್ವನ ಹೆಸರು ಸೇರಿಸಲು ಬರುತ್ತದೆಯೋ ವಿಚಾರಿಸು, ಕಲಬುರಗಿಯಲ್ಲೇ ಅಷ್ಟು ದೊಡ್ಡ ಇಎಸ್ಐ ಆಸ್ಪತ್ರೆ ಇದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, 436ಕ್ಕೆ ಎರಡು ಲಕ್ಷದ ಜೀವವಿಮೆ ಸಿಗುತ್ತದೆ. ಭಟ್ಟಿಯ ಹತ್ತಿರ, ಬೆಲ್ಟಿನ ಹತ್ತಿರ ದುಡಿಯುವ ಹುಡುಗ ನೀನು. ನಾಳೆ ಹೋಗಿ ಎರಡಕ್ಕೂ ಸಹಿ ಹಾಕು.

ಹೆಚ್ಚು ಬಡ್ಡಿ ಕೊಡುತ್ತೇವೆ ಎನ್ನುವ ಪತ್ತಿನ ಸಂಘಗಳಲ್ಲಿ ಉಳಿತಾಯದ ಗಂಟು ಇಡಬೇಡ. ಬ್ಯಾಂಕು ಮುಳುಗಿದರೆ ಐದು ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್ ಯಾವುದಾದರೂ ಇದ್ದರೆ ಈಗಲೇ ತೆಗೆದುಹಾಕು. ನಮ್ಮ ಓಣಿಯಲ್ಲಿ ಒಬ್ಬಳು ಒಂದು ಕಂಪನಿಯ ಸಾಲ ತೀರಿಸಲು ಇನ್ನೊಂದು ಕಂಪನಿಯ ಸಾಲ, ಅದಕ್ಕೆ ಮತ್ತೊಂದು ಎಂದು ಮಾಡಿ, ವಾರದ ಕಂತಿನ ದಿನ ಮನೆಗೆ ಬೀಗ ಹಾಕಿ ಹೊಲದಲ್ಲಿ ಕೂರುತ್ತಿದ್ದಳು. ಇಂಥ ಮನೆಗಳು ರಾಜ್ಯದ ತುಂಬ ಆದ ಮೇಲೆಯೇ 2025ರ ಫೆಬ್ರುವರಿಯಲ್ಲಿ ಸರಕಾರ ಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದದ್ದು. ಕಾನೂನು ಕಿರುಕುಳ ತಡೆಯಬಹುದು, ಸಾಲ ಮಾತ್ರ ನಮ್ಮದೇ. ನಿನ್ನ ಅವ್ವನನ್ನು ನೋಡು, ಗೃಹಲಕ್ಷ್ಮಿಯ ಎರಡು ಸಾವಿರವನ್ನು ಓಣಿಯ ಭಿಶಿ ಚೀಟಿಗೆ ಹಾಕಿ, ತನ್ನ ಪಾಳಿ ಬಂದಾಗ ಹಿಟ್ಟಿನ ಗಿರಣಿ ಹಚ್ಚಿದಳು. ಅವಳ ಲೆಕ್ಕದ ಮುಂದೆ ನಿನ್ನ ಅಪ್ಪನ ಲೆಕ್ಕ ಸೋಲುತ್ತದೆ.

ಇನ್ನು ಕೈಕೆಲಸದ ಮಾತು. ಇದನ್ನೇ ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು. ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದ ನಿನ್ನನ್ನು ಕಾರ್ಖಾನೆಯಲ್ಲಿ ಪ್ಯಾನೆಲ್ ಮುಂದೆ ನಿಲ್ಲಿಸಿದ್ದಾರೆ. ದೀಪ ಕೆಂಪಾದರೆ ಫೋನ್ ಮಾಡುವುದು ನಿನ್ನ ಕೆಲಸ. ಹಾಗೆ ಐದು ವರ್ಷ ಕಳೆದರೆ ಕಲಿತದ್ದು ಮರೆಯುತ್ತದೆ. ನಿನ್ನ ಅಪ್ಪನ ವಾಡಿಯ ಮೋಟಾರ್ ರಿಪೇರಿ ಅಂಗಡಿಗೆ ರಜೆಯ ದಿನ ಹೋಗು. ಸುಟ್ಟ ಪಂಪ್‌ಸೆಟ್ ಮೋಟಾರನ್ನು ಅವನು ಬಿಚ್ಚುವುದನ್ನು ನಾನು ಎಷ್ಟೋ ಸಲ ಕೂತು ನೋಡಿದ್ದೇನೆ. ಕರಕಲಾದ ಹಳೆಯ ಸುರುಳಿಯನ್ನು ಕತ್ತರಿಸಿ ಎಸೆಯುವ ಮೊದಲು ಒಂದೊಂದು ಸುತ್ತನ್ನೂ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ತಂತಿಯ ದಪ್ಪವನ್ನು ಗೇಜಿನಲ್ಲಿ ಅಳೆಯುತ್ತಾನೆ. ಸುರುಳಿ ಕೂರುವ ಸಂದುಗಳನ್ನು ಒರೆಸಿ, ಒಳಗೆ ಕಾಗದ ಕೂರಿಸಿ, ಹೊಸ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ವಾರ್ನಿಷ್ ಕುಡಿಸಿ ಒಣಗಲು ಇಡುತ್ತಾನೆ. ಸುತ್ತಿನ ಲೆಕ್ಕ ತಪ್ಪಿದರೆ ಮೋಟಾರು ಬಿಸಿಯಾಗಿ ಮತ್ತೆ ಸುಡಬಹುದು. ಕೈ ಕೂರಲು ವರ್ಷಗಳೇ ಬೇಕು. ಕಾಲ ಚೆನ್ನಾಗಿದ್ದಾಗ ಮಂದಿ ಹೊಸ ಮೋಟಾರು ತರುತ್ತಾರೆ, ಕೈ ಬಿಗಿಯಾದಾಗ ಹಳೆಯದನ್ನೇ ಹೊತ್ತು ತರುತ್ತಾರೆ. ಹಾಗಾಗಿ ಎಲ್ಲರ ಕೆಲಸ ಕಡಿಮೆಯಾದ ವರ್ಷ ನಿನ್ನ ಅಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 1874ರಲ್ಲಿ ನಿಜಾಮರ ರೈಲು ಬಂದಾಗಿನಿಂದ ವಾಡಿ ಜಂಕ್ಷನ್ನು, ನಾಲ್ಕು ಕಡೆಯ ಗಿರಾಕಿ ಬರುವ ಜಾಗ. ಸೋಲಾರ್ ಪಂಪುಗಳೂ ಈಗ ಹೊಲಗಳಿಗೆ ಬರುತ್ತಿವೆ, ಅವುಗಳ ರಿಪೇರಿ ಬಲ್ಲವರು ನಮ್ಮ ಕಡೆ ಕಡಿಮೆ. ವಯರ್‌ಮನ್ ಪರವಾನಗಿಗೂ ಅರ್ಜಿ ಹಾಕು. ಕಾರ್ಖಾನೆಯ ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಪಗಾರ ಬರುವತನಕ ಬರಲಿ, ನಿಯತ್ತಿನಿಂದ ದುಡಿ. ಆದರೆ ಗೇಟ್ ಪಾಸು ಕಸಿದುಕೊಂಡರೂ ನಿನ್ನ ಕೈಯಲ್ಲಿ ಏನಾದರೂ ಉಳಿದಿರಬೇಕು.

ಮೆಸ್ಸಿನ ಊಟ ಬಿಟ್ಟು ಜೊತೆಯ ಹುಡುಗರು ಸೇರಿ ಅಡುಗೆ ಮಾಡಿಕೊಳ್ಳಿ. ಮುತ್ಯಾ ಮುಂದಿನ ವಾರ ಸೇಡಂಗೆ ಬರುವವರ ಕೈಯಲ್ಲಿ ಅರ್ಧ ಚೀಲ ಜೋಳ, ಐದು ಕಿಲೋ ತೊಗರಿ ಬೇಳೆ ಕಳಿಸುತ್ತಾನೆ. ಬೇಳೆಯ ಡಬ್ಬಿಯಲ್ಲಿ ಒಣ ಬೇವಿನ ಎಲೆ ಹಾಕಿದ್ದೇನೆ, ತೆಗೆದು ಎಸೆಯಬೇಡ, ಹುಳ ಬೀಳುತ್ತದೆ. ಕಟಕ ರೊಟ್ಟಿ ಒಂದು ತಿಂಗಳು ಕೆಡುವುದಿಲ್ಲ, ಶೇಂಗಾ ಹಿಂಡಿ ಅದಕ್ಕಿಂತ ಹೆಚ್ಚು ದಿನ ಇರುತ್ತದೆ. ಪುಂಡಿಪಲ್ಯ ಒಣಗಿಸಿದ್ದೂ ಇದೆ. ರಾತ್ರಿ ಪಾಳಿ ಮುಗಿಸಿ ಬಂದಾಗ ಚಹಾದ ಮೇಲೆ ಮಲಗಬೇಡ, ಎರಡು ರೊಟ್ಟಿ ತಿಂದೇ ಮಲಗು.

ಎಳ್ಳಮಾಸಿಗೆ ಎರಡು ದಿನ ರಜೆ ಹಾಕಿ ಬಾ. ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಎಲ್ಲರೂ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣೋಣ. ಚಿಕ್ಕಾಯಿಯ ಮನೆಯವರೂ ಬರುತ್ತಾರೆ. ಬರುವಾಗ ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್ ತೆಗೆಸಿಕೊಂಡು ಬಾ, ನಿನ್ನ ಮುತ್ಯಾ ಕಾರ್ಖಾನೆಯ ಕಾಗದ ಓದುವುದರಲ್ಲಿ ಪಳಗಿದವನು, ಒಂದೊಂದು ಸಾಲೂ ನೋಡಿ ಹೇಳುತ್ತಾನೆ. ರೊಟ್ಟಿಯ ಡಬ್ಬಿ ಖಾಲಿಯಾಗಿದ್ದರೆ ಅದನ್ನೂ ತಾ.

ನಿನ್ನ ಪ್ರೀತಿಯ
ಆಯಿ